ಯಾವ ಮೇಜರ್? ಅರ್ಜಿ ತುಂಬುವ ಮೊದಲು ಮೂವರು ಮಕ್ಕಳ ಜೊತೆ ಕೂತ ವರ್ಷ

ಕಾಲೇಜಿನ ಅರ್ಜಿ ತೆರೆದರೆ ಹೆಸರು, ಹುಟ್ಟಿದ ತಾರೀಕು, ವಿಳಾಸ ಆದ ಮೇಲೆ ಬರುವ ಮೊದಲ ದೊಡ್ಡ ಪ್ರಶ್ನೆ ಇದೇ: ಯಾವ ವಿಷಯ ಓದುತ್ತೀರಿ? ಅಂದರೆ ಪದವಿಯಲ್ಲಿ ನಿಮ್ಮ ಮುಖ್ಯ ವಿಷಯ, ಮೇಜರ್, ಯಾವುದು? ಪಕ್ಕದಲ್ಲೊಂದು ಪಟ್ಟಿ. ಎಷ್ಟು ಕೆಳಗೆ ಹೋದರೂ ಮುಗಿಯುವುದಿಲ್ಲ. ಹದಿನಾರು ಹದಿನೇಳರ ಮಕ್ಕಳು ಅದರ ಮುಂದೆ ಕೂತಾಗ, ಈಗಾಗಲೇ ಕಿವಿಗೆ ಬಿದ್ದಿರುವ ನಾಲ್ಕೈದು ಹೆಸರುಗಳಲ್ಲೇ ಒಂದನ್ನು ಒತ್ತಿಬಿಡುತ್ತಾರೆ. ಪಟ್ಟಿಯಲ್ಲಿರುವ ಉಳಿದ ನೂರಾರು ವಿಷಯಗಳು ಅವರ ಪಾಲಿಗೆ ಇಲ್ಲದ ಹಾಗೆಯೇ.

ನನ್ನ ಮಗಳು, ಅಕ್ಕನ ಮಗ, ಮಗಳ ಗೆಳತಿ, ಈ ಮೂವರೂ ಒಂದೇ ವರ್ಷ ಅರ್ಜಿ ಹಾಕುವವರಿದ್ದರು. ಅರ್ಜಿಗೆ ಇನ್ನೂ ವರ್ಷದಷ್ಟು ಸಮಯ ಇರುವಾಗಲೇ ಅವರ ಜೊತೆ ಕೂರಲು ಶುರು ಮಾಡಿದೆ. ವಾರದ ಕೊನೆಯಲ್ಲಿ ಒಂದೆರಡು ಗಂಟೆ. ಕೆಲವು ವಾರ ಅದೂ ಇಲ್ಲ. ಸಾಕಷ್ಟು ಮೊದಲೇ ಶುರು ಮಾಡಿದ್ದರಿಂದ ಯಾರಿಗೂ ಉಸಿರು ಕಟ್ಟಲಿಲ್ಲ. ಈ ಕೆಲಸಕ್ಕೆ ಬೇಕಾದದ್ದು ಬಿಡುವು. ಕೊನೆಯ ತಿಂಗಳಲ್ಲಿ ಕೂತರೆ ಮಕ್ಕಳಿಗೆ ತಮ್ಮ ಮನಸ್ಸು ಬದಲಿಸಲು ಜಾಗವೇ ಇರುವುದಿಲ್ಲ.

ಮೊದಲ ದಿನ ಮೂವರನ್ನೂ ಕೇಳಿದೆ. ಮಗಳು ಹಿಂದೆಮುಂದೆ ನೋಡದೆ "ಸೈಕಾಲಜಿ" ಅಂದಳು. ಅಕ್ಕನ ಮಗ "ಕಂಪ್ಯೂಟರ್ ಸೈನ್ಸ್ ಚಿಕ್ಕಮ್ಮ, ಇನ್ನೇನು" ಅಂದ. ಗೆಳತಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲ ಆಂಟಿ. ಮನೇಲಿ ಮೆಡಿಕಲ್ ಅಂತಾರೆ" ಅಂದಳು. ಮೂರರಲ್ಲಿ ಕೊನೆಯ ಉತ್ತರವೇ ನನಗೆ ಹೆಚ್ಚು ಹಿಡಿಸಿತು. ಗೊತ್ತಿಲ್ಲ ಅನ್ನುವ ಮಗುವಿನ ಜೊತೆ ಹುಡುಕಾಟ ಶುರು ಮಾಡುವುದು ಸುಲಭ. ಗೊತ್ತಿದೆ ಅನ್ನುವವರ ಜೊತೆ ಮೊದಲು "ಏನು ಗೊತ್ತಿದೆ" ಅನ್ನುವುದನ್ನು ಬಿಡಿಸಿ ನೋಡಬೇಕಾಗುತ್ತದೆ.

ಹಾಗಂತ ಅವರ ಉತ್ತರ ತಪ್ಪು ಅಂತ ನಾನು ಹೇಳಲಿಲ್ಲ. ದೊಡ್ಡವರು ಅಲ್ಲೇ ಬೇಡ ಅಂತ ತಲೆಯಾಡಿಸಿಬಿಟ್ಟರೆ ಆ ಮಕ್ಕಳು ಮುಂದೆ ನಿಜ ಹೇಳುವುದನ್ನೇ ನಿಲ್ಲಿಸುತ್ತಾರೆ. ಒಂದೇ ಒಂದು ಕೆಲಸ ಕೊಟ್ಟೆ. ಕೆಲವು ವಾರ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಯಾರೂ ಹೇಳದೆ, ಅಂಕಕ್ಕಾಗಿ ಅಲ್ಲದೆ, ನೀವಾಗಿ ಏನು ಮಾಡಿದಿರಿ, ಎಷ್ಟು ಹೊತ್ತು ಮಾಡಿದಿರಿ, ಅಷ್ಟೇ ಬರೆಯಿರಿ. ಮೊಬೈಲ್ ನೋಡಿದ್ದನ್ನೂ ಬರೆಯಿರಿ, ಆದರೆ ಏನು ನೋಡಿದಿರಿ ಅನ್ನುವುದನ್ನೂ ಸೇರಿಸಿ.

ಅಕ್ಕನ ಮಗನ ಪುಸ್ತಕ ಓದಿದಾಗ ಕಂಡದ್ದು ಕೋಡಿಂಗ್ ಅಲ್ಲ, ಮಳೆ. ಉಪಗ್ರಹದ ಮೋಡದ ಚಿತ್ರಗಳು, ಚಂಡಮಾರುತದ ದಾರಿ, ನಾಳೆ ಮಳೆ ಬರುತ್ತೆ ಅಂದದ್ದು ಯಾಕೆ ಬರಲಿಲ್ಲ ಅನ್ನುವ ವಿಡಿಯೋಗಳು. ಚಿಕ್ಕ ವಯಸ್ಸಿನಿಂದಲೂ ಹೀಗೇ ಇದ್ದವನು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದೂ ಒಂದು ಓದುವ ವಿಷಯ ಅಂತ ಮಾತ್ರ ಯಾರಿಗೂ ಅನಿಸಿರಲಿಲ್ಲ. ಗೆಳತಿಯ ಪುಸ್ತಕದಲ್ಲಿ ಬೇರೆಯದೇ ಇತ್ತು. ಮುರಿದ ಛತ್ರಿ ಸರಿ ಮಾಡಿದೆ, ತಮ್ಮನ ಶೂಗೆ ಬೇರೆ ಥರ ಲೇಸ್ ಹಾಕಿದೆ, ಅಜ್ಜಿಗೆ ಗುಂಡಿ ಹಾಕಿಕೊಳ್ಳಲು ಕಷ್ಟ ಅಂತ ಅವರ ಬಟ್ಟೆಗೆ ಅಂಟುಪಟ್ಟಿ ಹೊಲಿದೆ. ಈ ಕೊನೆಯ ಸಾಲು ಓದಿ ನಾನು ಅದರ ಪಕ್ಕ ಒಂದು ಗೆರೆ ಎಳೆದಿಟ್ಟೆ.

ಇದಾದ ಮೇಲೆ ಆಸಕ್ತಿ ಪರೀಕ್ಷೆ ಮಾಡಿಸಿದೆವು. ಇಂಥ ಪರೀಕ್ಷೆಗಳ ಬೇರು ಜಾನ್ ಹಾಲೆಂಡ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1959ರಲ್ಲಿ ಮುಂದಿಟ್ಟ ವಿಚಾರದಲ್ಲಿದೆ. ಜನರ ಒಲವನ್ನೂ ಕೆಲಸದ ವಾತಾವರಣವನ್ನೂ ಒಂದೇ ಆರು ಬಗೆಗಳಲ್ಲಿ ನೋಡಬಹುದು ಅನ್ನುವುದು ಅವರ ಮಾತು. ಕೈಯಿಂದ ಮಾಡುವ ಕೆಲಸ, ಹುಡುಕಿ ತಿಳಿಯುವ ಕೆಲಸ, ಕಲೆಯ ಕೆಲಸ, ಜನರಿಗೆ ನೆರವಾಗುವ ಕೆಲಸ, ಮುಂದೆ ನಿಂತು ನಡೆಸುವ ಕೆಲಸ, ಲೆಕ್ಕ ದಾಖಲೆಗಳನ್ನು ಅಚ್ಚುಕಟ್ಟಾಗಿ ಇಡುವ ಕೆಲಸ. ಯಾರೂ ಒಂದೇ ಬಗೆಯವರಲ್ಲ, ಎರಡು ಮೂರು ಸೇರಿರುತ್ತವೆ. ಅಮೆರಿಕದ ಕಾರ್ಮಿಕ ಇಲಾಖೆಯ ಓ-ನೆಟ್ ಅನ್ನುವ ತಾಣದಲ್ಲಿ ಇದರ ಮೇಲೆ ಕಟ್ಟಿದ 60 ಪ್ರಶ್ನೆಗಳ ಪರೀಕ್ಷೆ ಉಚಿತವಾಗಿದೆ. ನಾವು ಮಾಡಿದ್ದು ಅದನ್ನೇ. ಪ್ರಶ್ನೆಗಳು ಬಹಳ ಸರಳ. ಇಟ್ಟಿಗೆ ಕಟ್ಟುವುದು ನಿಮಗೆ ಇಷ್ಟವಾಗುತ್ತಾ? ಹೊಸ ಔಷಧಿ ಕಂಡುಹಿಡಿಯುವುದು? ನಾಟಕ ಬರೆಯುವುದು? ಸಂಬಳ ಎಷ್ಟು, ಅದಕ್ಕೆ ಎಷ್ಟು ಓದಬೇಕು ಅನ್ನುವುದನ್ನು ಬದಿಗಿಟ್ಟು ಉತ್ತರಿಸಿ ಅಂತ ಅವರೇ ಹೇಳುತ್ತಾರೆ. ಈ ಸೂಚನೆ ಮಕ್ಕಳಿಗೆ ದೊಡ್ಡ ನೆಮ್ಮದಿ ಕೊಟ್ಟಿತು.

ಒಂದು ಮಾತು ಹೇಳಲೇಬೇಕು. ಫಲಿತಾಂಶದ ಹಾಳೆ ಕೈಗೆ ಬಂದ ಕೂಡಲೇ ಅದನ್ನೇ ತೀರ್ಪು ಅಂದುಕೊಳ್ಳುವವರು ಬಹಳ ಜನ ಇದ್ದಾರೆ. ಆ ಹಾಳೆ ಒಲವನ್ನು ಹೇಳುತ್ತದೆ. ಶಕ್ತಿಯನ್ನಾಗಲಿ, ತಾಳ್ಮೆಯನ್ನಾಗಲಿ ಅಲ್ಲ. ನಮಗೆ ಹೆಚ್ಚು ಉಪಯೋಗವಾದದ್ದು ಉತ್ತರಿಸುವಾಗ ನಡೆದ ಮಾತು. ಜನರ ಮನಸ್ಸಿನ ತೊಂದರೆ ಕೇಳಿ ನೆರವಾಗುವುದು ಇಷ್ಟವೇ ಅನ್ನುವ ಪ್ರಶ್ನೆಗೆ ಮಗಳು ತುಂಬ ಹೊತ್ತು ತೆಗೆದುಕೊಂಡಳು. "ದಿನಾ ಕೇಳೋಕಾಗಲ್ಲ ಅಮ್ಮ. ಯಾಕೆ ಹಾಗಾಗುತ್ತೆ ಅಂತ ತಿಳ್ಕೊಳೋದು ಇಷ್ಟ" ಅಂದಳು. ಸೈಕಾಲಜಿ ಅನ್ನುವ ಒಂದೇ ಹೆಸರಿನ ಕೆಳಗೆ ಇರುವ ಎರಡು ಬೇರೆ ಬೇರೆ ಬದುಕುಗಳನ್ನು ಅವಳೇ ಆ ಕ್ಷಣದಲ್ಲಿ ಬಿಡಿಸಿಟ್ಟಳು.

ಮುಂದಿನ ಹಂತವೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಬಹುತೇಕ ಮನೆಗಳಲ್ಲಿ ಇದನ್ನೇ ಬಿಟ್ಟುಬಿಡುತ್ತಾರೆ. ಕಾಲೇಜುಗಳ ಪಠ್ಯಕ್ರಮ ಓದುವುದು.

ಕಾಲೇಜಿನ ಬಣ್ಣದ ಪುಸ್ತಿಕೆ ಅಲ್ಲ. ಮೊದಲ ವರ್ಷ ಯಾವ ಪೇಪರ್, ಎರಡನೇ ವರ್ಷ ಯಾವುದು, ಯಾವುದನ್ನು ಪಾಸು ಮಾಡದಿದ್ದರೆ ಮುಂದಿನದಕ್ಕೆ ಬಿಡುವುದಿಲ್ಲ, ವಾರಕ್ಕೆ ಲ್ಯಾಬ್ ಎಷ್ಟು, ಬರೆಯುವ ಕೆಲಸ ಎಷ್ಟು, ಇದೆಲ್ಲ ಇರುವ ಪಟ್ಟಿ. ವಿಶ್ವವಿದ್ಯಾಲಯಗಳ ತಾಣದಲ್ಲಿ ಹುಡುಕಿದರೆ ಸಿಗುತ್ತದೆ. ಒಂದೇ ವಿಷಯಕ್ಕೆ ಮೂರ್ನಾಲ್ಕು ಕಾಲೇಜುಗಳ ಪಟ್ಟಿ ತೆಗೆದು ಪಕ್ಕಪಕ್ಕ ಇಟ್ಟು ಓದಿದೆವು. ಎಲ್ಲದರಲ್ಲೂ ಬರುವ ಪೇಪರ್‌ಗಳೇ ಆ ವಿಷಯದ ಬೆನ್ನೆಲುಬು. ಅವನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಸೈಕಾಲಜಿ ತೆಗೆದರೆ ಎಲ್ಲ ಕಡೆಯೂ ಅಂಕಿಅಂಶ ಶಾಸ್ತ್ರ, ಸಂಶೋಧನಾ ವಿಧಾನ. ಕಂಪ್ಯೂಟರ್ ಸೈನ್ಸ್ ತೆಗೆದರೆ ಪ್ರೋಗ್ರಾಮಿಂಗ್ ಜೊತೆ ಡಿಸ್ಕ್ರೀಟ್ ಮ್ಯಾಥಮೆಟಿಕ್ಸ್, ಅಲ್ಗಾರಿದಮ್, ಆಪರೇಟಿಂಗ್ ಸಿಸ್ಟಮ್. ಎಕನಾಮಿಕ್ಸ್ ಅಂದರೆ ವ್ಯಾಪಾರದ ಪಾಠ ಅಂದುಕೊಂಡ ಮಕ್ಕಳಿಗೆ ಅಲ್ಲಿ ಕಲನಶಾಸ್ತ್ರ ಎದುರಾಗುತ್ತದೆ. ಆರ್ಕಿಟೆಕ್ಚರ್‌ನಲ್ಲಿ ಸ್ಟುಡಿಯೋ ಕೆಲಸ ರಾತ್ರಿಗಳನ್ನು ನುಂಗುತ್ತದೆ. ಕೆಲವು ಕಾಲೇಜುಗಳು ಅರ್ಜಿಯ ಜೊತೆಗೇ ನಿಮ್ಮ ಚಿತ್ರ, ಮಾದರಿಗಳ ಸಂಗ್ರಹ ಕೇಳುತ್ತವೆ. ಅದನ್ನು ಒಂದು ವಾರದಲ್ಲಿ ಮಾಡಲಾಗುವುದಿಲ್ಲ.

ಮಗಳಿಗೆ ಅಂಕಿಅಂಶ ಅಂದಾಗ ಮುಖ ಚಿಕ್ಕದಾಯಿತು. ಗಣಿತ ಬಿಟ್ಟು ಓಡಬೇಕು ಅಂತಲೇ ಆ ವಿಷಯ ಹಿಡಿದಿದ್ದಳು. ಬಿಡು ಅಂತಲೂ ಹೇಳಲಿಲ್ಲ, ಹೆದರಬೇಡ ಅಂತಲೂ ಹೇಳಲಿಲ್ಲ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಬಗ್ಗೆ ಓದಲು ಕೊಟ್ಟೆ. ಸಂಶೋಧಕರ ದೊಡ್ಡ ತಂಡವೊಂದು ಸೈಕಾಲಜಿಯ 100 ಪ್ರಕಟಿತ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತ್ತು. ಮೂಲದಲ್ಲಿ ಶೇ 97ರಷ್ಟು ಅಧ್ಯಯನಗಳು ಪರಿಣಾಮ ಕಂಡಿತು ಅಂದಿದ್ದವು. ಮತ್ತೆ ಮಾಡಿದಾಗ ಹಾಗೆ ಕಂಡದ್ದು ಶೇ 36ರಲ್ಲಿ ಮಾತ್ರ. ಮಗಳು ಇದನ್ನು ಓದಿ ಸಿಟ್ಟಾದಳು. ಹಾಗಾದರೆ ನಾನು ಓದಿದ್ದೆಲ್ಲ ಸುಳ್ಳಾ ಅಂತ. ಆಮೇಲೆ ಅವಳೇ ಹೋಗಿ ಸ್ಯಾಂಪಲ್ ಸೈಜ್ (ಎಷ್ಟು ಜನರನ್ನು ನೋಡಿದರು ಅನ್ನುವ ಸಂಖ್ಯೆ) ಅಂದರೇನು, ಪಿ-ಮೌಲ್ಯ (ಪರಿಣಾಮವೇ ಇಲ್ಲದಿದ್ದರೂ ಬರೀ ಆಕಸ್ಮಿಕವಾಗಿ ಇಂಥ ಫಲಿತಾಂಶ ಬರುವ ಸಾಧ್ಯತೆ) ಅಂದರೇನು ಅಂತ ಹುಡುಕಿಕೊಂಡಳು. ಮನುಷ್ಯರ ಬಗ್ಗೆ ಹೇಳುವ ಅಂಕಿಗಳು ಅವಳಿಗೆ ಬೇಸರ ತರಲಿಲ್ಲ. ಕೆಲವೇ ವಾರಗಳಲ್ಲಿ, ಸರಿಯಾಗಿ ಅಳೆಯುವುದು ಹೇಗೆ ಅನ್ನುವುದೇ ಅವಳ ಮುಖ್ಯ ಪ್ರಶ್ನೆಯಾಯಿತು. ವಿಷಯ ಬದಲಾಗಲಿಲ್ಲ, ಅದನ್ನು ಹಿಡಿದುಕೊಂಡ ಕಾರಣ ಬದಲಾಯಿತು. ಜೊತೆಗೆ ಇನ್ನೊಂದನ್ನೂ ತಿಳಿದುಕೊಂಡೆವು. ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಬರೀ ಪದವಿ ಸಾಲದು, ಅದರ ಮೇಲೆ ವರ್ಷಗಟ್ಟಲೆ ಓದು, ತರಬೇತಿ, ಪರವಾನಗಿ ಬೇಕು. ಇದು ಮೊದಲೇ ಗೊತ್ತಿದ್ದರೆ ಮನೆಯವರು ಹಣದ ಲೆಕ್ಕವನ್ನೂ ಅಷ್ಟು ದೂರಕ್ಕೆ ಹಾಕಬಹುದು.

ಅಕ್ಕನ ಮಗನದು ಬೇರೆ ದಾರಿ. ಅವನಿಗೆ ಓದಿ ಹೇಳಿದರೆ ಆಗದು, ಮಾಡಿ ನೋಡಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಅನ್ನುವ, ಕಂಪ್ಯೂಟರ್ ಸೈನ್ಸ್‌ಗೆ ಹೊಸಬರಿಗಾಗಿ ಇರುವ ಪಾಠ ಉಚಿತವಾಗಿ ಸಿಗುತ್ತದೆ, ಅದನ್ನು ಶುರು ಮಾಡು ಅಂದೆ. ಮೊದಲು ಸ್ಕ್ರ್ಯಾಚ್‌ನಲ್ಲಿ ಬ್ಲಾಕ್ ಜೋಡಿಸುವ ಪಾಠ, ಅದು ಖುಷಿಯಾಗಿ ಮುಗಿಯಿತು. ಆಮೇಲೆ ಸಿ ಭಾಷೆ ಬಂತು. ಪಾಠ ಕೇಳುವಾಗ ಚೆನ್ನಾಗಿತ್ತು. ಲೆಕ್ಕಗಳನ್ನು ಮಾಡಲು ಕೂತಾಗ ಬೇಗ ಎದ್ದು ಬರತೊಡಗಿದ. ದಡ್ಡನಲ್ಲ, ಲೆಕ್ಕ ಬಿಡಿಸುತ್ತಿದ್ದ. ಬಿಡಿಸಿದ ಮೇಲೆ ಅದನ್ನು ಇನ್ನೂ ಚೊಕ್ಕ ಮಾಡಬೇಕು, ಇನ್ನೂ ವೇಗ ಮಾಡಬೇಕು ಅನ್ನುವ ಹಠ ಅವನಲ್ಲಿ ಹುಟ್ಟಲಿಲ್ಲ. ಅದೇ ಹುಡುಗನಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ತನ್ನ ಪಾಠಗಳನ್ನು ಉಚಿತವಾಗಿ ಇಡುವ ಓಪನ್‌ಕೋರ್ಸ್‌ವೇರ್ ತಾಣದಲ್ಲಿರುವ ವಾತಾವರಣ ವಿಜ್ಞಾನದ ಪಾಠದ ಟಿಪ್ಪಣಿ ತೋರಿಸಿದೆ. ಅರ್ಧ ಅರ್ಥವಾಗಲಿಲ್ಲ. ಆದರೂ ಊಟಕ್ಕೆ ಕರೆದರೆ ಏಳಲಿಲ್ಲ.

ಅಲ್ಲಿಂದ ಅವನು ತಾನೇ ದಾರಿ ಹಿಡಿದ. ಲೂಯಿಸ್ ಫ್ರೈ ರಿಚರ್ಡ್‌ಸನ್ ಅನ್ನುವ ವಿಜ್ಞಾನಿ ಮೊದಲ ಮಹಾಯುದ್ಧದ ಕಾಲದಲ್ಲಿ, ಆಂಬುಲೆನ್ಸ್ ತಂಡದಲ್ಲಿ ಕೆಲಸ ಮಾಡುತ್ತಲೇ, ಆರು ಗಂಟೆಯ ಹವಾಮಾನವನ್ನು ಕೈಲೆಕ್ಕದಲ್ಲಿ ಕಂಡುಹಿಡಿಯಲು ಹೊರಟಿದ್ದರು. ಉತ್ತರ ಪೂರ್ತಿ ತಪ್ಪಿತ್ತು. 1922ರಲ್ಲಿ ಅದನ್ನು ಹಾಗೇ ಪ್ರಕಟಿಸಿದರು. 1950ರಲ್ಲಿ ಎನಿಯಾಕ್ ಕಂಪ್ಯೂಟರ್ ಮೇಲೆ ಮೊದಲ ಬಾರಿಗೆ ಇಂಥ ಮುನ್ಸೂಚನೆಯ ಲೆಕ್ಕ ನಡೆಯಿತು. ಇದನ್ನೆಲ್ಲ ನನಗೆ ವಿವರಿಸಿ, "ಚಿಕ್ಕಮ್ಮ, ಇಲ್ಲಿ ಕೋಡಿಂಗ್ ಬೇಕು. ಆದ್ರೆ ಕೋಡಿಂಗೇ ಕೆಲಸ ಅಲ್ಲ ಅಲ್ವಾ?" ಅಂತ ಕೇಳಿದ. ಅಲ್ಲ ಅಂದೆ. ವಿಶ್ವ ಹವಾಮಾನ ಸಂಸ್ಥೆ ಹವಾಮಾನ ತಜ್ಞರಿಗೆ ಕನಿಷ್ಠ ಎಷ್ಟು ಓದು ಬೇಕು ಅಂತ ಗೊತ್ತುಪಡಿಸಿದೆ. ಅದರ ಬುಡದಲ್ಲಿರುವುದು ಗಣಿತ ಮತ್ತು ಭೌತಶಾಸ್ತ್ರ. ಅವನು ಪದವಿಗೆ ಭೌತಶಾಸ್ತ್ರವನ್ನೇ ಮುಖ್ಯವಾಗಿ ಇಟ್ಟುಕೊಂಡು, ವಾತಾವರಣ ವಿಜ್ಞಾನದ ಪೇಪರ್‌ಗಳಿರುವ ಕಾಲೇಜುಗಳನ್ನು ಹುಡುಕತೊಡಗಿದ.

ಭಾವನವರು ಒಪ್ಪಲು ಸಮಯ ಬೇಕಾಯಿತು. "ಮಳೆ ನೋಡ್ಕೊಂಡು ಹೊಟ್ಟೆ ತುಂಬುತ್ತೇನಮ್ಮ?" ಅಂದರು. ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ತಂದೆಯಾದವರು ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರವನ್ನು ಹುಡುಗನೇ ತರಲಿ ಅಂದೆ. ಅವನು ಕೆಲಸದ ಜಾಹೀರಾತುಗಳನ್ನು ಹುಡುಕಿದ. ಹವಾಮಾನ ಇಲಾಖೆ ಒಂದೇ ಅಲ್ಲ. ವಿಮಾನಯಾನ, ಗಾಳಿ ಮತ್ತು ಸೌರ ವಿದ್ಯುತ್, ಬೆಳೆ ವಿಮೆ, ನೀರಿನ ನಿರ್ವಹಣೆ, ಎಲ್ಲ ಕಡೆ ಇಂಥವರು ಬೇಕು. ಪ್ರತಿ ಜಾಹೀರಾತಿನಲ್ಲೂ ಏನು ಓದಿರಬೇಕು ಅಂತ ಕೇಳಿದ್ದಾರೆ ಅನ್ನುವುದನ್ನು ಅಪ್ಪನಿಗೆ ಬರೆದು ತೋರಿಸಿದ. ಬಹಳಷ್ಟು ಕಡೆ ಸ್ನಾತಕೋತ್ತರ ಪದವಿ ಕೇಳಿದ್ದರು. ಅದನ್ನೂ ಮುಚ್ಚಿಡದೆ ಬರೆದಿದ್ದ. ಭಾವನವರು ಮೆತ್ತಗಾದದ್ದು ಅದಕ್ಕೇ ಅಂತ ನನಗನಿಸುತ್ತದೆ. ಸಂಬಳದ ಅಂಕಿಗಿಂತ ಮಗ ಇಷ್ಟು ದೂರ ಯೋಚಿಸಿದ್ದಾನೆ ಅನ್ನುವುದು ಅವರಿಗೆ ಕಂಡಿತು.

ಗೆಳತಿಯ ವಿಷಯಕ್ಕೆ ಬರುತ್ತೇನೆ. ಅವಳಿಗೆ ಪಠ್ಯಕ್ರಮ ಓದಿ ಏನೂ ದಕ್ಕಲಿಲ್ಲ. ಎಲ್ಲವೂ ಪರವಾಗಿಲ್ಲ ಅನ್ನುತ್ತಿದ್ದಳು. ಹಾಗಾಗಿ ಜನರನ್ನು ಮಾತಾಡಿಸಲು ಕಳಿಸಿದೆ. ಡಾಕ್ಟರ್, ನರ್ಸ್, ಲ್ಯಾಬ್‌ನಲ್ಲಿರುವವರು, ಫಿಸಿಯೋಥೆರಪಿಸ್ಟ್, ಯಾರು ಅರ್ಧ ಗಂಟೆ ಕೊಡುತ್ತಾರೋ ಅವರು. ಕೇಳಬೇಕಾದ ಪ್ರಶ್ನೆಗಳನ್ನು ಒಟ್ಟಿಗೆ ಕೂತು ಬರೆದೆವು. ನಿಮಗೆ ಈ ಕೆಲಸ ಇಷ್ಟನಾ ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ, ಅದರಿಂದ ಪ್ರಯೋಜನ ಕಡಿಮೆ. "ನಿನ್ನೆ ಬೆಳಿಗ್ಗೆ ಕೆಲಸಕ್ಕೆ ಬಂದಾಗಿನಿಂದ ಸಂಜೆವರೆಗೆ ಏನೇನು ಮಾಡಿದ್ರಿ?" ಅಂತ ಕೇಳು ಅಂದೆ. ಆ ಪ್ರಶ್ನೆಯಿಂದ ಬಂದ ಉತ್ತರಗಳನ್ನು ಯಾವ ಪುಸ್ತಿಕೆಯೂ ಕೊಡಲಾರದು. ಒಬ್ಬ ಡಾಕ್ಟರ್ ಅರ್ಧ ದಿನ ಕಾಗದಪತ್ರಗಳಲ್ಲೇ ಹೋಯಿತು ಅಂದರು. ಒಬ್ಬ ನರ್ಸ್ ಎಷ್ಟು ಹೊತ್ತು ನಿಂತೇ ಇದ್ದೆ ಅಂತ ಹೇಳಿದರು. ಎರಡನೇ ಪ್ರಶ್ನೆ, ಈ ಕೆಲಸ ಬಿಟ್ಟು ಹೋದವರು ಯಾಕೆ ಬಿಟ್ಟರು? ಮೂರನೆಯದು, ನನ್ನ ವಯಸ್ಸಿನಲ್ಲಿ ನಿಮಗೆ ಯಾರಾದರೂ ಏನು ಹೇಳಿದ್ದರೆ ಚೆನ್ನಾಗಿತ್ತು?

ಹೀಗೆ ಮಾತಾಡಿಸುತ್ತಾ ಹೋದವಳಿಗೆ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ ಸಿಕ್ಕರು. ಪಾರ್ಶ್ವವಾಯು ಆದವರಿಗೆ, ಕೈ ಬಿಗಿದವರಿಗೆ, ಬೆಳವಣಿಗೆ ನಿಧಾನವಾದ ಮಕ್ಕಳಿಗೆ ಉಣ್ಣುವುದು, ಉಡುವುದು, ಬರೆಯುವುದನ್ನು ಮತ್ತೆ ಕಲಿಸುವ ಕೆಲಸ. ಅಗತ್ಯ ಬಿದ್ದರೆ ಚಮಚದ ಹಿಡಿಯನ್ನು ದಪ್ಪ ಮಾಡುತ್ತಾರೆ, ಬಟ್ಟೆಯ ಗುಂಡಿ ಬದಲಿಸುತ್ತಾರೆ. ಆ ಹುಡುಗಿ ವಾಪಸ್ ಬಂದು, "ಆಂಟಿ, ಅಜ್ಜಿ ಬಟ್ಟೆಗೆ ನಾನು ಮಾಡಿದ್ದು ಇದೇ ಕೆಲಸ ಅಂತೆ! ಇದಕ್ಕೆ ಡಿಗ್ರಿ ಇದೆ ಅಂತೆ!" ಅಂದಳು. ಆ ಹುಡುಗಿ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಇಂಥ ವಿಷಯಗಳಲ್ಲಿ ಇನ್ನೊಂದನ್ನು ನೋಡಲೇಬೇಕು, ಮಾನ್ಯತೆ. ಆಕ್ಯುಪೇಷನಲ್ ಥೆರಪಿಗೆ ಒಂದು ವಿಶ್ವ ಒಕ್ಕೂಟವಿದೆ. ಅದರ ಕನಿಷ್ಠ ಮಟ್ಟದ ಪ್ರಕಾರ ಓದಿನ ಜೊತೆ 1,000 ಗಂಟೆಯಾದರೂ ನಿಜವಾದ ರೋಗಿಗಳ ನಡುವೆ ತರಬೇತಿ ಆಗಿರಬೇಕು. ಎಂಜಿನಿಯರಿಂಗ್‌ಗೆ 1989ರಲ್ಲಿ ಶುರುವಾದ ವಾಷಿಂಗ್ಟನ್ ಒಪ್ಪಂದ ಇದೆ. ಅದಕ್ಕೆ ಸೇರಿದ ದೇಶಗಳು ಮಾನ್ಯತೆ ಪಡೆದ ಪದವಿಗಳನ್ನು ಪರಸ್ಪರ ಸರಿಸಮ ಅಂತ ಒಪ್ಪುತ್ತವೆ. ಪರವಾನಗಿ ಬೇಕಾದ ಯಾವುದೇ ಕೆಲಸಕ್ಕೆ, ಅಂದರೆ ನರ್ಸಿಂಗ್, ಆರ್ಕಿಟೆಕ್ಚರ್, ಕಾನೂನು, ಥೆರಪಿ, ಈ ಕಾಲೇಜಿನ ಈ ಕೋರ್ಸ್‌ಗೆ ಮಾನ್ಯತೆ ಇದೆಯೇ ಅಂತ ಮಾನ್ಯತೆ ಕೊಡುವ ಸಂಸ್ಥೆಯ ಪಟ್ಟಿಯಲ್ಲೇ ನೋಡಬೇಕು. ಕಾಲೇಜಿಗೆ ಮಾನ್ಯತೆ ಇದೆ ಅನ್ನುವ ಉತ್ತರಕ್ಕೆ ಸಮಾಧಾನ ಪಡಬಾರದು. ಕಾಲೇಜಿನದು ಬೇರೆ, ಕೋರ್ಸಿನದು ಬೇರೆ. ಹುಡುಗಿಯ ಪಟ್ಟಿಯಿಂದ ಒಂದು ಕಾಲೇಜು ಇದೇ ಕಾರಣಕ್ಕೆ ಬಿದ್ದುಹೋಯಿತು.

ಅವಳ ಅಪ್ಪ ನನ್ನ ಜೊತೆ ಮಾತಾಡಲು ಬಂದರು. "ಮೇಡಂ, ಮೆಡಿಕಲ್ ಸಿಗೋ ಅಂಕ ಇದೆ ಅವಳಿಗೆ. ಯಾಕೆ ಕಮ್ಮಿದಕ್ಕೆ ಹೋಗ್ಬೇಕು?" ಅಂದರು. ನಾನು ಹೆಚ್ಚು ಮಾತಾಡಲಿಲ್ಲ. ಆ ಥೆರಪಿಸ್ಟ್ ಕೆಲಸ ಮಾಡುವ ಜಾಗಕ್ಕೆ ನೀವೂ ಒಮ್ಮೆ ಮಗಳ ಜೊತೆ ಹೋಗಿ ಬನ್ನಿ ಅಂದೆ. ಹೋಗಿ ಬಂದರು. ಕಮ್ಮಿ ಅನ್ನುವ ಮಾತು ಆಮೇಲೆ ಅವರ ಬಾಯಲ್ಲಿ ಬರಲಿಲ್ಲ. ಪೂರ್ತಿ ಒಪ್ಪಿದ್ದು ಎಷ್ಟೋ ದಿನಗಳ ನಂತರ, ಅದೂ ಮೆಡಿಕಲ್‌ಗೂ ಒಂದು ಅರ್ಜಿ ಹಾಕುವ ಷರತ್ತಿನ ಮೇಲೆ. ಹುಡುಗಿ ಅದಕ್ಕೂ ಒಪ್ಪಿದಳು. ಅದು ಅವರ ಮನೆಯ ವಿಷಯ, ನಾನು ಅಲ್ಲಿಗೆ ಸುಮ್ಮನಾದೆ.

ಇಷ್ಟರಲ್ಲಿ ಮೂವರಿಗೂ ಒಂದು ಭಯ ಶುರುವಾಗಿತ್ತು. ಈಗ ಆರಿಸಿದ್ದು ಆಮೇಲೆ ಬೇಡ ಅನಿಸಿದರೆ? ಇದಕ್ಕೆ ನಿಜವಾದ ಉತ್ತರ ಕಾಲೇಜಿನಿಂದ ಕಾಲೇಜಿಗೆ ಬೇರೆ. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಮೇಜರ್ ಹೇಳದೆಯೇ ಸೇರಬಹುದು, ಸಾಮಾನ್ಯವಾಗಿ ಎರಡನೇ ವರ್ಷದ ಕೊನೆಯೊಳಗೆ ಹೇಳಿದರೆ ಆಯಿತು. ಅಲ್ಲಿ 2011-12ರಲ್ಲಿ ಕಾಲೇಜು ಸೇರಿದವರನ್ನು ಸರ್ಕಾರವೇ ಹಿಂಬಾಲಿಸಿ ನೋಡಿದಾಗ, ಮೇಜರ್ ಹೇಳಿದವರಲ್ಲಿ ಸುಮಾರು ಶೇ 30 ಮಂದಿ ಮೂರು ವರ್ಷದೊಳಗೆ ಒಮ್ಮೆಯಾದರೂ ಬದಲಿಸಿದ್ದರು. ಗಣಿತ ಆರಿಸಿ ಪದವಿಗೆ ಸೇರಿದವರಲ್ಲಿ ಅದು ಅರ್ಧಕ್ಕೂ ಜಾಸ್ತಿ, ಶೇ 52. ಬದಲಿಸುವುದು ಅಪರೂಪದ ಸಂಗತಿ ಅಲ್ಲ ಅಂತ ಗೊತ್ತಾದಾಗ ಮಕ್ಕಳ ಹೆಗಲ ಭಾರ ಇಳಿಯಿತು.

ಆದರೆ ಎಲ್ಲ ಕಡೆ ಹೀಗಿಲ್ಲ. ಅದೇ ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್, ನರ್ಸಿಂಗ್‌ನಂಥ ನೂಕುನುಗ್ಗಲಿನ ವಿಷಯಗಳಿಗೆ ಕೆಲವು ವಿಶ್ವವಿದ್ಯಾಲಯಗಳು ಸೇರುವಾಗಲೇ ಸೀಟು ಕೊಡುತ್ತವೆ, ಆಮೇಲೆ ಒಳಗೆ ಬರುವುದು ಬಹಳ ಕಷ್ಟ. ಬ್ರಿಟನ್ನಿನಲ್ಲಿ ಯುಕ್ಯಾಸ್ ಅನ್ನುವ, ಹಲವು ವಿಶ್ವವಿದ್ಯಾಲಯಗಳಿಗೆ ಒಂದೇ ಕಡೆ ಅರ್ಜಿ ಹಾಕುವ ವ್ಯವಸ್ಥೆಯ ಮೂಲಕ ಅರ್ಜಿ ಹಾಕುವಾಗ ಆರಿಸುವುದು ಕೋರ್ಸನ್ನೇ. ಗರಿಷ್ಠ ಐದು ಆಯ್ಕೆ, ಈ ವಿಷಯ ಯಾಕೆ ಅಂತ ವಿವರಿಸುವ ಬರಹ ಐದಕ್ಕೂ ಒಂದೇ. ಐದು ಬೇರೆ ಬೇರೆ ವಿಷಯ ತುಂಬಿದರೆ ಆ ಒಂದು ಬರಹದಲ್ಲಿ ಯಾರಿಗೂ ನಂಬಿಕೆ ಬರುವ ಹಾಗೆ ಬರೆಯಲಾಗದು. ಹಾಗಾಗಿ ಪ್ರತಿ ಕಾಲೇಜಿಗೂ ಮಕ್ಕಳ ಕೈಯಲ್ಲೇ ಮಿಂಚಂಚೆ ಬರೆಸಿದೆ. ಸೇರಿದ ಮೇಲೆ ವಿಷಯ ಬದಲಿಸಬಹುದೇ? ಯಾವಾಗ? ಯಾವ ಅಂಕ ಬೇಕು? ಬದಲಿಸಿದರೆ ಒಂದು ವರ್ಷ ಹೆಚ್ಚಾಗುತ್ತದೆಯೇ? ಸ್ಪಷ್ಟವಾಗಿ ಉತ್ತರ ಕೊಟ್ಟವರೂ ಇದ್ದರು, ಸುತ್ತಿ ಬಳಸಿ ಬರೆದವರೂ ಇದ್ದರು. ಮನಸ್ಸು ಇನ್ನೂ ಗಟ್ಟಿಯಾಗದ ಮಗುವಿಗೆ ಹೀಗೆ ಸ್ಪಷ್ಟವಾಗಿ ಉತ್ತರಿಸುವ ಕಾಲೇಜೇ ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ, ಅದರ ಹೆಸರು ಸ್ವಲ್ಪ ಸಣ್ಣದಾದರೂ.

ಸ್ಕಾಲರ್‌ಶಿಪ್ ವಿಷಯಕ್ಕೆ ಬಂದರೆ, ಅದನ್ನು ಮೇಜರ್ ಆರಿಸಿದ ಮೇಲೆ ನೋಡೋಣ ಅನ್ನುವವರು ಜಾಸ್ತಿ. ನಾವು ಎರಡನ್ನೂ ಒಟ್ಟಿಗೇ ನೋಡಿದೆವು. ಯಾಕೆಂದರೆ ಹಣ ಬಹಳ ಸಲ ವಿಷಯಕ್ಕೇ ಅಂಟಿಕೊಂಡಿರುತ್ತದೆ. ಜಪಾನ್ ಸರ್ಕಾರದ ಮೆಕ್ಸ್ಟ್ ಸ್ಕಾಲರ್‌ಶಿಪ್ ಇದೆ. ಪದವಿ ಓದಿಗೆ ಅರ್ಜಿ ಹಾಕುವಾಗಲೇ ಯಾವ ಗುಂಪಿನ ವಿಷಯ ಅಂತ ಹೇಳಬೇಕು, ಬರೆಯುವ ಪರೀಕ್ಷೆಗಳೂ ಅದರ ಮೇಲೇ ನಿಂತಿವೆ. ಅಮೆರಿಕದಲ್ಲಿ ಶಿಕ್ಷಕರಾಗುವವರಿಗೆ ಟೀಚ್ ಗ್ರಾಂಟ್ ಇದೆ. ಓದು ಮುಗಿಸಿದ ಎಂಟು ವರ್ಷದೊಳಗೆ ನಾಲ್ಕು ವರ್ಷ, ಶಿಕ್ಷಕರ ಕೊರತೆ ಇರುವ ವಿಷಯವನ್ನು ಬಡ ಮಕ್ಕಳು ಹೆಚ್ಚಿರುವ ಶಾಲೆಯಲ್ಲಿ ಕಲಿಸಬೇಕು. ಕಲಿಸದಿದ್ದರೆ ಆ ಹಣ ಸಾಲವಾಗಿ ಬದಲಾಗುತ್ತದೆ, ಬಡ್ಡಿಯನ್ನು ಹಣ ಕೊಟ್ಟ ದಿನದಿಂದಲೇ ಹಾಕುತ್ತಾರೆ. ಶಿಕ್ಷಕರಾಗಬೇಕು ಅಂತ ನಿಜವಾಗಿ ಇರುವವರಿಗೆ ಇದು ಒಳ್ಳೆಯ ನೆರವು. ನೋಡೋಣ ಅನ್ನುವವರಿಗೆ ದೊಡ್ಡ ಹೊರೆ.

ಆದ್ದರಿಂದ ಪ್ರತಿ ಸ್ಕಾಲರ್‌ಶಿಪ್‌ನ ನಿಯಮಗಳನ್ನು ಕೊನೆಯ ಸಾಲಿನವರೆಗೂ ಓದಿ ಒಂದು ಹಾಳೆಯಲ್ಲಿ ಬರೆದೆವು. ಒಂದು ವರ್ಷಕ್ಕಾ, ಪೂರ್ತಿ ಓದಿಗಾ? ಪ್ರತಿ ವರ್ಷ ಮುಂದುವರಿಯಲು ಎಷ್ಟು ಅಂಕ ಇರಬೇಕು? ಕಷ್ಟದ ವಿಷಯಗಳಲ್ಲಿ ಮೊದಲ ವರ್ಷ ಅಂಕ ಇಳಿಯುವುದು ಸಹಜ, ಅಲ್ಲೇ ಎಷ್ಟೋ ಮಕ್ಕಳ ಹಣ ನಿಂತುಹೋಗುತ್ತದೆ. ವಿಷಯ ಬದಲಿಸಿದರೆ ಹಣ ಉಳಿಯುತ್ತದೆಯೇ? ಬೇರೆ ಸ್ಕಾಲರ್‌ಶಿಪ್ ಬಂದರೆ ಇದರಲ್ಲಿ ಕಡಿತ ಮಾಡುತ್ತಾರೆಯೇ? ಕೊನೆಯ ದಿನಾಂಕ ಯಾವಾಗ? ಎಷ್ಟೋ ಕಡೆ ಇದು ಪ್ರವೇಶದ ಕೊನೆಯ ದಿನಕ್ಕಿಂತ ಮೊದಲೇ ಇರುತ್ತದೆ. ಅರ್ಜಿ ಪರಿಶೀಲನೆಗೆ, ಹಣ ಬಿಡುಗಡೆಗೆ ಅಂತ ದುಡ್ಡು ಕೇಳಿದ ಕಡೆ ಅಲ್ಲಿಗೇ ನಿಲ್ಲಿಸಿದೆವು. ಕೊಡುವವರು ಕೇಳುವುದಿಲ್ಲ.

ಅಕ್ಕನ ಮಗನಿಗೆ ಒಂದು ಪರೀಕ್ಷೆಯೇ ಬಂತು. ಎಂಜಿನಿಯರಿಂಗ್ ಓದುವವರಿಗೆ ಮಾತ್ರ ಕೊಡುವ ಒಂದು ದೊಡ್ಡ ಸ್ಕಾಲರ್‌ಶಿಪ್‌ಗೆ ಅವನ ಅಂಕಗಳು ಸಾಕಾಗಿದ್ದವು. ಮನೆಯಲ್ಲಿ ಎರಡು ದಿನ ಮಾತುಕತೆ ನಡೆಯಿತು. ಆ ಹಣ ಮುಂದುವರಿಯಬೇಕಾದರೆ ನಾಲ್ಕು ವರ್ಷವೂ ಅವನು ಎಂಜಿನಿಯರಿಂಗ್‌ನಲ್ಲೇ ಇರಬೇಕು. ಅವನು ಅರ್ಜಿ ಹಾಕಲಿಲ್ಲ. ಅದರ ಬದಲು ವಿಜ್ಞಾನದ ಯಾವ ವಿಷಯಕ್ಕಾದರೂ ಸಿಗುವ ಸಣ್ಣ ಮೊತ್ತದ ಕೆಲವಕ್ಕೆ ಹಾಕಿದ. ಹಣದ ಅಡಚಣೆ ಹೆಚ್ಚಿರುವ ಮನೆಯಲ್ಲಿ ಈ ತೀರ್ಮಾನ ಬೇರೆಯೇ ಆಗಬಹುದಿತ್ತು, ಅದೂ ಸರಿಯೇ ಇರುತ್ತಿತ್ತು.

ಪ್ರಬಂಧ ಬರೆಯುವ ಹೊತ್ತಿಗೆ ನಾವು ವರ್ಷವಿಡೀ ಮಾಡಿದ್ದು ಕೈಗೆ ಬಂತು. ಈ ವಿಷಯವನ್ನೇ ಯಾಕೆ ಆರಿಸಿದಿರಿ ಅನ್ನುವ ಪ್ರಶ್ನೆ ಪ್ರವೇಶದ ಅರ್ಜಿಯಲ್ಲೂ ಸ್ಕಾಲರ್‌ಶಿಪ್ ಅರ್ಜಿಯಲ್ಲೂ ಬರುತ್ತದೆ. ಚಿಕ್ಕಂದಿನಿಂದ ಕನಸಿತ್ತು ಅಂತ ಯಾರೂ ಬರೆಯಲಿಲ್ಲ. ಗೆಳತಿ ಅಜ್ಜಿಯ ಬಟ್ಟೆಯ ಬಗ್ಗೆ, ಥೆರಪಿಸ್ಟ್ ಜೊತೆ ಕಳೆದ ದಿನದ ಬಗ್ಗೆ ಬರೆದಳು. ಹುಡುಗ ತನ್ನ ಟಿಪ್ಪಣಿಯಲ್ಲಿ ಮುನ್ಸೂಚನೆಗೂ ನಿಜವಾಗಿ ಬಂದ ಮಳೆಗೂ ಇದ್ದ ವ್ಯತ್ಯಾಸದ ಪಟ್ಟಿಯನ್ನೇ ಇಟ್ಟ. ಶಿಫಾರಸು ಪತ್ರ ಕೊಡುವ ಶಿಕ್ಷಕರಿಗೂ ಇದೇ ವಿವರಗಳನ್ನು ಒಂದು ಪುಟದಲ್ಲಿ ಬರೆದು, ಸಾಕಷ್ಟು ಮುಂಚೆ ಕೊಟ್ಟರು. ಒಬ್ಬ ಶಿಕ್ಷಕಿ ಇದರಿಂದ ತಮ್ಮ ಕೆಲಸ ಎಷ್ಟು ಸುಲಭವಾಯಿತು ಅಂತ ನನಗೇ ಫೋನ್ ಮಾಡಿ ಹೇಳಿದರು.

ಕೊನೆಗೆ ಅರ್ಜಿ ಕಳಿಸುವ ವಾರ ಬಂತು. ಆಗ ಮಾಡಿದ್ದು ಒಂದೇ, ಕೋರ್ಸಿನ ಕೋಡ್ ಮತ್ತೆ ನೋಡುವುದು. ಒಂದೇ ವಿಶ್ವವಿದ್ಯಾಲಯದಲ್ಲಿ ಒಂದೇ ಹೆಸರಿನ ವಿಷಯ ಎರಡು ವಿಭಾಗಗಳಲ್ಲಿ ಇರುತ್ತದೆ. ಮಗಳು ಆರಿಸಿದ ಕಡೆ ಸೈಕಾಲಜಿ ಬಿ.ಎ.ಯಲ್ಲೂ ಇತ್ತು, ಬಿ.ಎಸ್ಸಿ.ಯಲ್ಲೂ ಇತ್ತು. ಎರಡರ ಪಠ್ಯಕ್ರಮವನ್ನೂ ಮತ್ತೆ ಪಕ್ಕಪಕ್ಕ ಇಟ್ಟುಕೊಂಡು ಕೂತಳು. ಬಿ.ಎಸ್ಸಿ.ಯಲ್ಲಿ ಅಂಕಿಅಂಶದ ಪೇಪರ್ ಜಾಸ್ತಿ ಇದ್ದವು. ಅದನ್ನೇ ಒತ್ತಿದಳು.